ಅಡುಗೆಮನೆ ಪ್ರಶ್ನೋತ್ತರ: ಅಡೋಬೊಗೆ ಕಾಚಂಪುಳಿ ಹೊಂದುವುದೇ?

ಪ್ರಶ್ನೆ: ಫಿಲಿಪ್ಪೀನ್ಸಿನ ಅಡೋಬೊ ಎಂಬ ಕೋಳಿ ಅಡುಗೆಯನ್ನು ಮನೆಯಲ್ಲಿ ಮಾಡಿ ನೋಡಿದೆ. ವಿನೆಗರ್ ಇರಲಿಲ್ಲವಾದ್ದರಿಂದ ಕಾಲು ಕಪ್ ಕಾಚಂಪುಳಿಯನ್ನು (ನಮ್ಮ ಕೊಡಗಿನ ಮಂದವಾದ ಹುಳಿರಸ) ಮೊದಲಿಗೇ ಹಾಕಿ ಕುದಿಸಿದೆ. ಬಾಯಿಗಿಡಲಾಗದಷ್ಟು ಹುಳಿಯಾಯಿತು. ಇಂಥ ಅಡುಗೆಗೆ ನಮ್ಮ ಕಾಚಂಪುಳಿ ಹೊಂದುವುದಿಲ್ಲವೇ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಚೆನ್ನಾಗಿಯೇ ಹೊಂದುತ್ತದೆ. ತಪ್ಪಿದ್ದು ಅಳತೆ ಮತ್ತು ಹಾಕಿದ ಹೊತ್ತು. ವಿನೆಗರಿನ ಹುಳಿ ಅಸಿಟಿಕ್ ಆಮ್ಲದ್ದು. ಕುದಿಯುವಾಗ ಅದು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುವುದರಿಂದ ಅಲ್ಲಿಯವರು ಮೊದಲಿಗೇ ಸುರಿದು, ಘಾಟು ಅಡಗುವವರೆಗೆ ಮುಚ್ಚಳವಿಲ್ಲದೆ ಕುದಿಸುತ್ತಾರೆ. ಕಾಚಂಪುಳಿಯಾದರೋ ಹಣ್ಣಿನ ರಸವನ್ನು ಒಲೆಯ ಮೇಲೆ ಕಪ್ಪಗೆ, ಮಂದವಾಗುವವರೆಗೆ ಬತ್ತಿಸಿ ಮಾಡಿದ್ದು. ಹೀಗಾಗಿ ಅದರ ಹುಳಿ ಎಷ್ಟು ಕುದಿಸಿದರೂ ಹಾರಿಹೋಗದು. ನೀರು ಬತ್ತಿದಷ್ಟೂ ಏರುತ್ತದೆ. ಪಂದಿಕರಿಗೆ (ಹಂದಿಮಾಂಸದ ಅಡುಗೆ) ಅದನ್ನು ಕೊನೆಯಲ್ಲಿ, ಚಮಚದ ಲೆಕ್ಕದಲ್ಲಿ ಹಾಕುವ ನಮ್ಮ ರೂಢಿಯನ್ನೇ ಇಲ್ಲಿಯೂ ಪಾಲಿಸಿರಿ.

ಅರ್ಧ ಕಿಲೋ ಕೋಳಿಗೆ ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಇಡೀ ಕರಿಮೆಣಸು, ಎರಡು ಪಲಾವ್ ಎಲೆ (ಅವರು ಬಳಸುವ ಎಲೆಯ ಪರಿಮಳ ಬೇರೆ, ಆದರೂ ನಡೆಯುತ್ತದೆ), ಮೂರು ದೊಡ್ಡ ಚಮಚ ಸೋಯಾ ಸಾಸ್ ಮತ್ತು ಒಂದು ಕಪ್ ನೀರು ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಿರಿ. ಮಾಂಸ ಬೆಂದ ಮೇಲೆ ಒಂದು ಟೀ ಚಮಚ ಕಾಚಂಪುಳಿಯನ್ನು ನೀರಿನಲ್ಲಿ ಕದಡಿ ಹಾಕಿ, ರಸ ಮಾಂಸಕ್ಕೆ ಹಿಡಿಯುವವರೆಗೆ ಬತ್ತಿಸಿರಿ. ಉಪ್ಪನ್ನು ರುಚಿ ನೋಡದೆ ಹಾಕಬೇಡಿ, ಸೋಯಾ ಸಾಸಿನಲ್ಲೇ ಸಾಕಷ್ಟಿರುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ. ಸ್ಟೀಲು ಅಥವಾ ಮಣ್ಣಿನ ಮಡಕೆ ಇರಲಿ.

ನನ್ನನ್ನು ಕೇಳಿದರೆ, ಕಾಚಂಪುಳಿ ಇರುವ ಮನೆಯವರು ಅಡೋಬೊಗಿಂತ ಮೊದಲು ಶ್ರೀಲಂಕಾದ ಅಂಬುಲ್ ತಿಯಲ್ ಎಂಬ ಮೀನಿನ ಅಡುಗೆ ಮಾಡಬೇಕು. ಅಲ್ಲಿಯವರು ಗೊರಕ ಎನ್ನುವುದು ಕಾಚಂಪುಳಿ ಮಾಡುವ ಇದೇ ಹಣ್ಣಿನ ಒಣಗಿಸಿದ ಸಿಪ್ಪೆಯನ್ನು. ಅದನ್ನು ನೆನೆಸಿ ಅರೆದು, ಕರಿಮೆಣಸು, ಉಪ್ಪು ಕೂಡಿಸಿ, ಗಟ್ಟಿ ಮಾಂಸದ ಟ್ಯೂನಾ ಮೀನಿನ ತುಂಡುಗಳಿಗೆ ಬಳಿದು, ಮಡಕೆಯಲ್ಲಿ ತಳಕ್ಕೆ ನೀರು ಉಳಿಯದಂತೆ ಬೇಯಿಸುತ್ತಾರೆ. ತುಂಡುಗಳು ಹೊರಗೆ ಕಪ್ಪಾಗಿ, ಮುರಿದರೆ ಒಳಗೆ ಎಳೆ ಎಳೆಯಾಗಿ ಬಿಡುತ್ತವೆ. ಟ್ಯೂನಾ ಸಿಗದಿದ್ದರೆ ಅಂಜಲ್ ತನ್ನಿರಿ. ಗೊರಕದ ಬದಲು ಕಾಚಂಪುಳಿ ಹಾಕಿ, ಕಡಂಬುಟ್ಟಿನ (ಅಕ್ಕಿತರಿಯ ಉಂಡೆ) ಜೊತೆ ಬಡಿಸಿದರೆ ಅದನ್ನು ಪರದೇಶದ ಅಡುಗೆ ಎಂದು ಮನೆಯ ಹಿರಿಯರು ಒಪ್ಪಲಾರರು.

ಪ್ರಶ್ನೆ: ತೋಟದ ಬೆಣ್ಣೆಹಣ್ಣಿನಿಂದ ಗ್ವಾಕಮೋಲೆ ಎಂಬ ಮೆಕ್ಸಿಕೋದ ಗೊಜ್ಜು ಮಾಡಿದರೆ ನೀರು ಬಿಡುತ್ತದೆ, ಸಂಜೆಯೊಳಗೆ ಕಂದಾಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮಿಕ್ಸಿಯನ್ನು ಬಿಡಿ. ಮೆಕ್ಸಿಕೋದವರು ಇದನ್ನು ಕಲ್ಲಿನ ಒರಳಿನಲ್ಲಿ ತರಿತರಿಯಾಗಿ ಜಜ್ಜುತ್ತಾರೆ. ನಮ್ಮಲ್ಲಿ ಮುಳ್ಳುಚಮಚ ಸಾಕು. ನಮ್ಮ ತೋಟದ ದೊಡ್ಡ ಹಣ್ಣುಗಳಲ್ಲಿ ಸಾಮಾನ್ಯವಾಗಿ ನೀರಿನಂಶ ಹೆಚ್ಚು, ಆದ್ದರಿಂದ ಟೊಮ್ಯಾಟೊ ಹಾಕುವುದಾದರೆ ಬೀಜ, ರಸ ತೆಗೆದು ಹಾಕಿರಿ. ಹೆಚ್ಚಿದ ಈರುಳ್ಳಿ, ಸೂಜಿಮೆಣಸು, ಕೊತ್ತಂಬರಿ, ಉಪ್ಪು, ಇಷ್ಟೇ. ತಿರುಳಿಗೆ ಗಾಳಿ ತಾಗಿದಾಗ ಅದರಲ್ಲಿರುವ ಕಿಣ್ವದಿಂದ ಬಣ್ಣ ಕಂದಾಗುತ್ತದೆ. ನಿಂಬೆರಸ ಅದನ್ನು ನಿಧಾನಿಸುತ್ತದೆಯೇ ಹೊರತು ತಡೆಯುವುದಿಲ್ಲ. ಊಟಕ್ಕೆ ಕೂರುವ ಹೊತ್ತಿಗೆ ಮಾಡಿ, ಕಾವಲಿಯ ಮೇಲೆ ಗರಿಗರಿಯಾಗಿಸಿದ ಅಕ್ಕಿರೊಟ್ಟಿಯ ತುಂಡುಗಳೊಂದಿಗೆ ಕೊಡಿರಿ.

ಪ್ರಶ್ನೆ: ಥಾಯ್ ಕರಿಗೆ ಡಬ್ಬಿಯ ಕಣಿಲೆಯ (ಎಳೆ ಬಿದಿರಿನ ಮೊಳಕೆ) ಬದಲು ಮಳೆಗಾಲದ ಹಸಿ ಕಣಿಲೆಯನ್ನು ನೇರವಾಗಿ ಹಾಕಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಖಂಡಿತ ಬೇಡ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ವಿಷಾಂಶವಿರುತ್ತದೆ. ನಮ್ಮ ಕಣಿಲೆಯ ಅಡುಗೆಯಾದ ಬೈಂಬಳೆ ಕರಿಗೆ ಮಾಡುವಂತೆಯೇ ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸಿ ಆ ನೀರನ್ನು ಚೆಲ್ಲಿರಿ. ಆಮೇಲೆ ತೆಂಗಿನಹಾಲಿಗೆ ಹಾಕಿದರೆ ಡಬ್ಬಿಯದ್ದಕ್ಕಿಂತ ಎಷ್ಟೋ ರುಚಿ.