ಗೆದ್ದು ಸೋತ ಯುವ ಉದ್ಯಮಿ ಸಮಾಜಕ್ಕೆ ಕೊಡುವುದು ಯಾವಾಗ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಚಿಕ್ಕ ವಯಸ್ಸಿನಲ್ಲೇ ಕಟ್ಟಿದ ಕಂಪನಿ ಬೇಗ ಬೆಳೆಯಿತು, ಅಷ್ಟೇ ಬೇಗ ಮುಚ್ಚುವ ಹಂತಕ್ಕೂ ಬಂದಿದೆ, ಮತ್ತೊಮ್ಮೆ ಗೆದ್ದ ಮೇಲೆ ಸಮಾಜಕ್ಕೆ ಏನನ್ನಾದರೂ ಹಿಂದಿರುಗಿಸಬೇಕೆಂಬ ಆಸೆಯಿದ್ದರೂ ದಾರಿ ಕಾಣುತ್ತಿಲ್ಲ. ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿಯಾದ್ದರಿಂದ ಆ ಕಡೆಯಿಂದಲೇ ಉತ್ತರಿಸುತ್ತೇನೆ. ಗೆಲುವು, ಸೋಲು, ಕೊಡುಗೆ ಎಂಬ ಮೂರನ್ನೂ ಒಂದರ ನಂತರ ಒಂದು ಹತ್ತಬೇಕಾದ ಮೆಟ್ಟಿಲುಗಳೆಂದು ನೀವು ಎಣಿಸಿದಂತಿದೆ. ಆದರೆ ನೀವು ಕೊಡಬೇಕಾದ ಮೊದಲ ಕೊಡುಗೆಯ ಹೊತ್ತು ಮುಂದೆಲ್ಲೋ ಇಲ್ಲ. ಕಂಪನಿಯನ್ನು ಮುಚ್ಚುತ್ತಿರುವ ಈಗಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಮಾರಾಟ ಏರುತ್ತಿದ್ದಾಗಲೇ ಕಂಪನಿ ಕುಸಿದದ್ದು ನಿಮಗೆ ವಿಚಿತ್ರವೆನಿಸಿದೆ. ನನ್ನ ವೃತ್ತಿಯಲ್ಲಿ ಅದು ತೀರಾ ಸಾಮಾನ್ಯ. ಸರಕಿನ ಹಣವನ್ನು ಇಂದೇ ಕೊಡಬೇಕು, ಸಂಬಳವನ್ನು ತಿಂಗಳ ಕೊನೆಗೆ ಕೊಡಬೇಕು, ಗಿರಾಕಿಯ ಹಣವಾದರೋ 60 ಅಥವಾ 90 ದಿನಗಳ ನಂತರ ಬರುತ್ತದೆ. ಮಾರಾಟ ಇಮ್ಮಡಿಯಾದರೆ ಈ ನಡುವಿನ ದಿನಗಳನ್ನು ದಾಟಲು ಬೇಕಾದ ಹಣವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಲಾಭನಷ್ಟದ ಪಟ್ಟಿಯಲ್ಲಿ ಲಾಭ ಕಾಣುತ್ತಿರುವಾಗಲೇ ಬ್ಯಾಂಕ್ ಖಾತೆ ಬರಿದಾಗುವುದು ಹೀಗೆ. ಇದನ್ನು ಮೊದಲೇ ತೋರಿಸಿಕೊಡುವುದು ಮುಂದಿನ 13 ವಾರಗಳ ನಗದು ಪಟ್ಟಿ: ವಾರಕ್ಕೊಂದು ಕಾಲಂ, ಮೇಲೆ ಬರುವ ಹಣ, ಕೆಳಗೆ ಹೋಗುವ ಹಣ, ಕೊನೆಯ ಸಾಲಿನಲ್ಲಿ ಉಳಿಕೆ. ಆ ಕೊನೆಯ ಸಾಲು ಯಾವ ವಾರದಲ್ಲಿ ಸೊನ್ನೆಗಿಂತ ಕೆಳಗಿಳಿಯುತ್ತದೆಯೋ, ನಿಮ್ಮ ಬಳಿ ಉಳಿದಿರುವ ಕಾಲ ಅಲ್ಲಿಯವರೆಗೆ ಮಾತ್ರ. ಹಣ ಪೂರ್ತಿ ತೀರುವ ಮೊದಲೇ ನಿಲ್ಲಿಸಿದವರ ಕೈಯಲ್ಲಿ ಬಾಕಿ ತೀರಿಸುವಷ್ಟಾದರೂ ಉಳಿದಿರುತ್ತದೆ. ಕೊನೆಯ ರೂಪಾಯಿಯವರೆಗೂ ಓಡಿದವರು ನೌಕರರ ಸಂಬಳವನ್ನೇ ಬಾಕಿ ಇಟ್ಟು ಹೋಗುತ್ತಾರೆ.

ಮರ್ಯಾದೆಯಿಂದ ಮುಚ್ಚುವುದೆಂದರೇನು ಎಂಬುದಕ್ಕೆ ನಾನು ಸಾಮಾನ್ಯವಾಗಿ ಕೊಡುವ ಉದಾಹರಣೆ ಸ್ಟೀವರ್ಟ್ ಬಟರ್‌ಫೀಲ್ಡ್ ಅವರದು. ಫ್ಲಿಕರ್ ಎಂಬ ಚಿತ್ರತಾಣವನ್ನು ಸಹಸ್ಥಾಪಕರಾಗಿ ಕಟ್ಟಿ, 2005ರಲ್ಲಿ ಯಾಹೂಗೆ ಮಾರಿ ಗೆದ್ದಿದ್ದವರು, ಮುಂದೆ ಗ್ಲಿಚ್ ಎಂಬ ಆನ್‌ಲೈನ್ ಆಟವನ್ನು ಕಟ್ಟಿ ಸೋತರು. 2012ರಲ್ಲಿ ಅದನ್ನು ನಿಲ್ಲಿಸುವಾಗ ಕಂಪನಿ ಆಟಗಾರರು ಕಟ್ಟಿದ್ದ ಹಣವನ್ನು ಹಿಂದಿರುಗಿಸಲು ಮುಂದಾಯಿತು, ಕೆಲಸ ಕಳೆದುಕೊಳ್ಳುವವರ ಪರಿಚಯವನ್ನು ಬೇರೆ ಕಂಪನಿಗಳು ನೋಡುವಂತೆ ಒಂದು ಪುಟದಲ್ಲಿ ಪ್ರಕಟಿಸಿತು. ಮರುವರ್ಷ ಆಟದ ಬಹುಪಾಲು ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದೆಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದೇ ತಂಡ ತನ್ನೊಳಗಿನ ಮಾತುಕತೆಗಾಗಿ ಮಾಡಿಕೊಂಡಿದ್ದ ಸಾಧನವೇ ಸ್ಲ್ಯಾಕ್ ಎಂಬ ಕಚೇರಿ ಸಂದೇಶ ಸೇವೆಯಾಗಿ ಬೆಳೆದು, 2021ರಲ್ಲಿ ಸೇಲ್ಸ್‌ಫೋರ್ಸ್ ಎಂಬ ಸಾಫ್ಟ್‌ವೇರ್ ಕಂಪನಿಯ ಪಾಲಾಯಿತು. ಇದು ಒಳ್ಳೆಯತನಕ್ಕೆ ಸಿಕ್ಕ ಫಲವೆಂದು ನಾನು ಹೇಳಲಾರೆ. ಅಂಥ ಕಥೆಗಳ ಮೇಲೆ ನನಗೆ ನಂಬಿಕೆ ಕಡಿಮೆ. ಸ್ಲ್ಯಾಕ್ ಹುಟ್ಟದೇ ಹೋಗಿದ್ದರೂ ಆಟಗಾರರ ಹಣ ಅವರಿಗೆ ಸಲ್ಲಬೇಕಾದದ್ದೇ ಆಗಿತ್ತು.

ದೊಡ್ಡ ಮಟ್ಟದಲ್ಲಿ ಕೊಡುವ ಮಾತಿಗೆ ಬಂದರೆ, ಅಮೆರಿಕದ ಚಾಕೊಲೇಟ್ ಉದ್ಯಮಿ ಮಿಲ್ಟನ್ ಹರ್ಷಿ ಅವರ ಕ್ರಮ ನನಗೆ ಹಿಡಿಸುತ್ತದೆ. ಮಿಠಾಯಿ ವ್ಯಾಪಾರದಲ್ಲಿ ಮೊದಲು ಫಿಲಡೆಲ್ಫಿಯಾದಲ್ಲೂ ಆಮೇಲೆ ನ್ಯೂಯಾರ್ಕ್‌ನಲ್ಲೂ ಸೋತ ಅವರು, ಕ್ಯಾರಮೆಲ್ ಮಿಠಾಯಿಯಲ್ಲಿ ಗೆದ್ದು, 1900ರಲ್ಲಿ ಆ ಕಂಪನಿಯನ್ನು 10 ಲಕ್ಷ ಡಾಲರಿಗೆ ಮಾರಿ ಚಾಕೊಲೇಟಿನತ್ತ ಹೊರಳಿದರು. 1909ರಲ್ಲಿ ಹೆಂಡತಿಯೊಡನೆ ಸೇರಿ ಅನಾಥ ಹುಡುಗರಿಗಾಗಿ ಶಾಲೆ ಸ್ಥಾಪಿಸಿದರು. 1918ರಲ್ಲಿ ತಮ್ಮ ಸಂಪತ್ತಿನ ಬಹುಭಾಗವನ್ನು ಆ ಶಾಲೆಯ ಟ್ರಸ್ಟಿಗೆ ವರ್ಗಾಯಿಸಿದ್ದು ಲೋಕಕ್ಕೆ ತಿಳಿದದ್ದು 1923ರಲ್ಲಿ. ವರ್ಷದ ಲಾಭದಲ್ಲಿ ಒಂದಿಷ್ಟನ್ನು ದಾನ ಮಾಡುವ ಬದಲು ಕಂಪನಿಯ ಒಡೆತನವನ್ನೇ ಕೊಟ್ಟದ್ದರಿಂದ, ಶಾಲೆ ಅವರ ನಂತರವೂ ನಡೆದುಕೊಂಡು ಬಂದಿದೆ. ಹಾಗೆ ಕೊಡುವಾಗ ಅವರಿಗೆ ಅರವತ್ತು ದಾಟಿತ್ತು, ಆದ್ದರಿಂದ ನಿಮಗೆ ಅವಸರವೇನೂ ಇಲ್ಲ. ಸರಬರಾಜುದಾರರ ಬಿಲ್ಲುಗಳು ಬಾಕಿಯಿರುವಾಗಲೇ ವೇದಿಕೆಯ ಮೇಲೆ ದಾನದ ಚೆಕ್ ಹಿಡಿದು ನಿಲ್ಲುವವರನ್ನು ನಾನು ಕಂಡಿದ್ದೇನೆ. ಅದು ಬೇರೆಯವರ ಹಣದಲ್ಲಿ ಕೊಂಡ ಹೆಸರು.

ಹಣವಿಲ್ಲದೆಯೂ ನೀವು ಈಗಲೇ ಕೊಡಬಹುದಾದದ್ದು ಒಂದಿದೆ: ನಿಮ್ಮ ಸೋಲಿನ ಲೆಕ್ಕ. ಹೊಸದಾಗಿ ಉದ್ಯಮಕ್ಕಿಳಿಯುವವರಿಗೆ ಕೇಳಸಿಗುವುದೆಲ್ಲ ಗೆದ್ದವರ ಭಾಷಣಗಳು. ಅದೇ ಮಾರ್ಗದಲ್ಲಿ ನಡೆದು ಮುಳುಗಿದವರು ಮಾತನಾಡುವುದಿಲ್ಲವಾದ್ದರಿಂದ, ಆ ಮಾರ್ಗವೇ ಗೆಲುವಿಗೆ ಕಾರಣವೆಂಬ ಭ್ರಮೆ ಹುಟ್ಟುತ್ತದೆ. ಗಿರಾಕಿಗಳ ಹೆಸರು ತೆಗೆದ ನಿಮ್ಮ ನಗದು ಪಟ್ಟಿ, ಯಾವ ತಿಂಗಳಲ್ಲಿ ಯಾವ ತೀರ್ಮಾನ ಕೈಗೊಂಡಿರಿ ಎಂಬ ಟಿಪ್ಪಣಿಯೊಡನೆ ಇಬ್ಬರು ಹೊಸಬರ ಕೈಗೆ ಸಿಕ್ಕರೂ ಅದು ಸ್ಫೂರ್ತಿಯ ಭಾಷಣಕ್ಕಿಂತ ಉಪಯುಕ್ತ. ಹೂಡಿಕೆದಾರರೊಂದಿಗಿನ ಒಪ್ಪಂದದಲ್ಲಿ ಗೋಪ್ಯತೆಯ ಷರತ್ತಿದ್ದರೆ ಮಾತ್ರ ಅದನ್ನು ಮೊದಲು ಓದಿಕೊಳ್ಳಿ.

ಸದ್ಯಕ್ಕೆ ಬಾಕಿಪಟ್ಟಿಯನ್ನು ಸಿದ್ಧಪಡಿಸಿ, ಮುಚ್ಚುವ ಸುದ್ದಿಯನ್ನು ನೌಕರರು ಹೊರಗಿನವರಿಂದ ಕೇಳುವ ಮೊದಲು ನೀವೇ ತಿಳಿಸಿ. ಯಾರಿಗೆ ಮೊದಲು ತೀರಿಸಬೇಕೆಂಬುದನ್ನು ಕಾನೂನೇ ಬಹಳಮಟ್ಟಿಗೆ ನಿರ್ಧರಿಸುವುದರಿಂದ, ಯಾರಿಗೂ ಮಾತು ಕೊಡುವ ಮುನ್ನ ಕಂಪನಿ ಕಾನೂನು ಬಲ್ಲ ವಕೀಲರಿಗೆ ಆ ಪಟ್ಟಿಯನ್ನು ತೋರಿಸಿ.