ರೇಸ್ ಬೈಕಿನ ವಾಲ್ವ್ ಪದೇ ಪದೇ ಮುರಿಯುತ್ತಿದ್ದರೆ ಮೊದಲು ಏನು ನೋಡಬೇಕು?

ನಿಮ್ಮ 150 ಸಿಸಿ ರೇಸ್ ಬೈಕಿನಲ್ಲಿ ಮೂರು ಸಲ ಎಕ್ಸಾಸ್ಟ್ ವಾಲ್ವಿನ (ಹೊಗೆ ಹೊರಬಿಡುವ ವಾಲ್ವ್) ತಲೆ ಕಿತ್ತುಹೋಗಿದೆ, ಪ್ರತಿ ಸಲವೂ 12,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಆಸುಪಾಸಿನಲ್ಲಿ. ಬೇರೆ ಕಂಪನಿಯ ವಾಲ್ವ್ ಹಾಕಿಸಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಮುರಿದ ತುಂಡು ಇನ್ನೂ ಇದ್ದರೆ ಮೊದಲು ಅದನ್ನು ನೋಡಿ.

ನಾನು ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಶೆಡ್ಡೊಂದರಲ್ಲಿ ಎಂಜಿನ್ ಹೆಡ್ (ವಾಲ್ವ್‌ಗಳು ಕೂರುವ ಮೇಲ್ಭಾಗ) ಕೆಲಸ ಮಾಡುವವನು. ಬರುವವು ಹೆಚ್ಚಾಗಿ ಟ್ರ್ಯಾಕ್ಟರ್ ಹೆಡ್‌ಗಳು. ಎರಡು ಸಾವಿರ ಚಿಲ್ಲರೆ ಆರ್‌ಪಿಎಂನಲ್ಲಿ ಓಡುವ ಟ್ರ್ಯಾಕ್ಟರ್ ನಮ್ಮ ಸಣ್ಣಪುಟ್ಟ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ರೇಸ್ ಎಂಜಿನ್ ಹಾಗಲ್ಲ ಎಂಬುದನ್ನು ನಾನು ಕೈ ಸುಟ್ಟುಕೊಂಡೇ ಕಲಿತೆ.

ಹುಡುಗನೊಬ್ಬ ತಂದ ರೇಸ್ ಹೆಡ್ಡಿಗೆ ಸೀಟ್ ಕಟಿಂಗ್ ಮಾಡಿದ್ದೆ, ಅಂದರೆ ಮುಚ್ಚಿದಾಗ ವಾಲ್ವ್ ಕೂರುವ ಉಂಗುರವನ್ನು ಕೊರೆದಿದ್ದೆ. ಸೀಟು ಕೊರೆದಷ್ಟೂ ವಾಲ್ವ್ ಒಳಕ್ಕೆ ಕೂರುತ್ತದೆ, ಅದರ ಕಾಂಡ ಮೇಲಕ್ಕೇಳುತ್ತದೆ, ಟ್ಯಾಪೆಟ್ (ಕಾಂಡದ ತುದಿಯಲ್ಲಿ ಬಿಡುವ ಸಂದು) ಬಿಗಿಯಾಗುತ್ತದೆ. ಸ್ಕ್ರೂ ತಿರುಗಿಸಿ ಟ್ಯಾಪೆಟ್ ಸರಿಮಾಡಿ ಕಳಿಸಿಬಿಟ್ಟೆ. ಕಾಂಡದ ಜೊತೆ ಸ್ಪ್ರಿಂಗೂ ಉದ್ದವಾಗಿ ತನ್ನ ಬಿಗಿ ಕಳೆದುಕೊಂಡದ್ದನ್ನು ಅಳೆಯಲೇ ಇಲ್ಲ. ವಾಲ್ವ್ ಮುರಿಯಿತು. ನಾನೂ ವಾಲ್ವನ್ನೇ ಬೈದು ಹೊಸದು ಹಾಕಿದೆ, ಅದೂ ಮುರಿಯಿತು. ಆಮೇಲೆ ವರ್ನಿಯರ್ ಹಿಡಿದೆ: 0.6 ಮಿಲಿಮೀಟರ್ ವ್ಯತ್ಯಾಸ. ಸ್ಪ್ರಿಂಗಿನ ಕೆಳಗೆ ಅಷ್ಟೇ ದಪ್ಪದ ಶಿಮ್ (ತೆಳು ಬಿಲ್ಲೆ) ಕೊಟ್ಟ ಮೇಲೆ ಆ ಬೈಕು ಮತ್ತೆ ನನ್ನ ಶೆಡ್ಡಿಗೆ ಬರಲಿಲ್ಲ.

ಅಷ್ಟು ಸಣ್ಣ ವ್ಯತ್ಯಾಸದಿಂದ ಏನು ಮಹಾ ಆಗುತ್ತದೆ ಎಂದು ನೀವು ಕೇಳಬಹುದು. ವಾಲ್ವನ್ನು ಒತ್ತುವ ಕ್ಯಾಮ್ ತಿರುಗುವುದು ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ. 12,000 ಆರ್‌ಪಿಎಂ ಎಂದರೆ ವಾಲ್ವ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ಆರ್‌ಪಿಎಂ 10,000ದಿಂದ 12,000ಕ್ಕೆ ಏರಿದರೆ ವಾಲ್ವನ್ನು ಹಿಡಿದಿಡಲು ಬೇಕಾದ ಬಲ ಶೇ. 44ರಷ್ಟು ಹೆಚ್ಚುತ್ತದೆ. ಸ್ಪ್ರಿಂಗ್ ಸೋತರೆ ವಾಲ್ವ್ ಕ್ಯಾಮಿನ ಸಂಗ ಬಿಟ್ಟು ತೇಲುತ್ತದೆ, ತಡವಾಗಿ ಬಂದು ಸೀಟಿಗೆ ಬಡಿದು ಪುಟಿಯುತ್ತದೆ. ಆ ಏಟು ತಿನ್ನುವುದು ತಲೆಯ ಕೆಳಗಿನ ಕುತ್ತಿಗೆ.

ನಿಮ್ಮ ತುಂಡಿನ ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಸೂಳೆಕೆರೆಯ ದಡದಲ್ಲಿ ಉಳಿಯುವಂತಹ ಸಾಲುಗೆರೆಗಳಿದ್ದರೆ, ಬಿರುಕು ಸ್ವಲ್ಪ ಸ್ವಲ್ಪವಾಗಿ ಬೆಳೆದಿದೆ: ಹೆಡ್ಡಿನಲ್ಲಿ ಕೂತಿರುವಾಗಿನ ಸ್ಪ್ರಿಂಗಿನ ಎತ್ತರ ಅಳೆಯಿರಿ. ಸೀಟು ಗೈಡಿಗೆ (ಕಾಂಡ ಜಾರುವ ಕೊಳವೆ) ನೇರವಾಗಿಲ್ಲದಿದ್ದರೂ ಇದೇ ಗುರುತು ಸಿಗುತ್ತದೆ, ಪ್ರತಿ ಸಲ ಮುಚ್ಚುವಾಗಲೂ ತಲೆ ಒಂದು ಬದಿಗೆ ಬಾಗುವುದರಿಂದ. ವಾಲ್ವಿಗೆ ತೆಳ್ಳಗೆ ಗುರುತಿನ ನೀಲಿ ಬಣ್ಣ ಬಳಿದು ಸೀಟಿಗೆ ಒತ್ತಿ. ಸುತ್ತಲೂ ಒಂದೇ ಸಮ ಅಂಟಬೇಕು.

ಗೆರೆಗಳಿಲ್ಲದೆ ಮುಖ ಒರಟಾಗಿದ್ದು ಕಾಂಡವೂ ಬಾಗಿದ್ದರೆ ಪಿಸ್ಟನ್ ಒಂದೇ ಏಟಿಗೆ ಹೊಡೆದಿರಬಹುದು. ಉಳಿದ ವಾಲ್ವಿನ ಎದುರು ಪಿಸ್ಟನ್ ಮೇಲೆ ಅರ್ಧಚಂದ್ರದ ಹೊಳಪು ಗುರುತಿದೆಯೇ ನೋಡಿ. ಇದ್ದರೆ, ತಪ್ಪು ಗೇರಿಗೆ ಇಳಿಸಿದಿರಾ ಎಂದು ನೆನಪಿಸಿಕೊಳ್ಳಿ. ಆಗ ಹಿಂದಿನ ಚಕ್ರವೇ ಎಂಜಿನ್ ತಿರುಗಿಸುತ್ತದೆ, ಎಂಜಿನ್ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್ ಏನೂ ಮಾಡಲಾರದು.

ತುಂಡನ್ನು ವೈರ್ ಬ್ರಷ್‌ನಿಂದ ಉಜ್ಜಬೇಡಿ, ಗೆರೆಗಳು ಅಳಿಸುತ್ತವೆ. ಸೀಮೆಎಣ್ಣೆಯಲ್ಲಿ ಅದ್ದಿ ತೆಗೆದು, ಓರೆ ಬೆಳಕಿನಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.