ಗಾಯಕಿಗೆ ಹೆಸರು ಬಂದ ಮೇಲೆ ರಾಕ್ ಬ್ಯಾಂಡ್‌ಗಳು ಯಾಕೆ ಒಡೆಯುತ್ತವೆ?

ಎಲ್ಲಕ್ಕೂ ಜಂಬವೇ ಕಾರಣ ಅಂದುಬಿಡುವುದು ಸುಲಭ. ಬಿರುಕು ಶುರುವಾಗುವುದು ಹೆಚ್ಚಾಗಿ ಎಲ್ಲೆಡೆ ಗಾಯಕಿಯ ಫೋಟೊವೇ ಬರುವುದರಿಂದ ಮತ್ತು ದುಡ್ಡಿನಿಂದ. ಅಮೆರಿಕದ 'ಬ್ಲಾಂಡಿ' ಬ್ಯಾಂಡ್‌ನ ಗಾಯಕಿ ಡೆಬ್ಬಿ ಹ್ಯಾರಿಯ ಹೆಸರೇ 'ಬ್ಲಾಂಡಿ' ಅಂತ ಜನ ಅಂದುಕೊಂಡಾಗ, 'ಬ್ಲಾಂಡಿ ಒಂದು ತಂಡ' ಎಂಬ ಬ್ಯಾಡ್ಜ್‌ಗಳನ್ನೇ ಹಂಚಬೇಕಾಯಿತು. ಅಮೆರಿಕದ ಇನ್ನೊಬ್ಬ ರಾಕ್ ಗಾಯಕಿ ಜಾನಿಸ್ ಜಾಪ್ಲಿನ್ ಅಂತೂ 1968ರಲ್ಲಿ, ಆಲ್ಬಂ ಗೆದ್ದ ಕೆಲವೇ ತಿಂಗಳಲ್ಲಿ ತಮ್ಮ 'ಬಿಗ್ ಬ್ರದರ್' ಬ್ಯಾಂಡನ್ನೇ ಬಿಟ್ಟರು.

ದಿನವಿಡೀ ಸಂದರ್ಶನ ಕೊಟ್ಟು ಗಂಟಲು ಕಟ್ಟಿದ ಗಾಯಕಿ ಪ್ರಾಕ್ಟೀಸ್ ತಪ್ಪಿಸಿದರೂ ತಂಡದವರು 'ಕೊಬ್ಬು' ಅನ್ನುತ್ತಾರೆ. ಅತ್ತ ರಚನೆಯ ರಾಯಲ್ಟಿ, ಅಂದರೆ ಹಾಡು ಬಳಕೆಯಾದಾಗಲೆಲ್ಲ ಅದರ ರಚನೆಗೆ ಸಿಗುವ ಹಣ, ಹಾಡು ಬರೆದವರಿಗೆ ಮಾತ್ರ. ಒಪ್ಪಂದದಲ್ಲಿ ಇಲ್ಲದಿದ್ದರೆ ಡ್ರಮ್ಸ್ ನುಡಿಸಿದವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಹಾಗಾಗಿ ಮೊದಲ ಆಲ್ಬಂಗೆ ಮುಂಚೆಯೇ ರಾಯಲ್ಟಿ ಪಾಲು, ಬ್ಯಾಂಡ್ ಹೆಸರಿನ ಹಕ್ಕು, ಸೋಲೋ ಆಲ್ಬಂನ ಷರತ್ತು ಇವನ್ನು ಬರಹದಲ್ಲಿಡಿ. ಸಂದರ್ಶನಕ್ಕೆ ಗಾಯಕಿಯ ಜೊತೆ ಇನ್ನೊಬ್ಬರು ಕೂರಲಿ. ಬಾಯಿತಪ್ಪಿ ಬಂದ 'ನನ್ನ ಬ್ಯಾಂಡ್' ಎಂಬ ಮಾತೇ ಹೆಡ್‌ಲೈನ್ ಆಗುತ್ತದೆ.